ಖಗ್ರಾಸ ಸೂರ್ಯಗ್ರಹಣ: ಕಣ್ಣು ಕಾಯ್ದುಕೊಂಡು ನೋಡುವ ಬಗೆ

ಸೂರ್ಯಗ್ರಹಣವೊಂದು ಸಮೀಪಿಸಿತೆಂದರೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಆರಂಭವಾಗುತ್ತವೆ. ಹಿರಿಯರು ಪಂಚಾಂಗವನ್ನು ತೆರೆದು ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಗುರುತು ಹಾಕಿಕೊಳ್ಳುತ್ತಾರೆ. ಕುಡಿಯುವ ನೀರಿಗೆ ದರ್ಭೆ ಹಾಕಿ, ಅಡುಗೆಯ ವೇಳೆಯನ್ನು ಹಿಂದೆ ಮುಂದೆ ಮಾಡುತ್ತಾರೆ. ಕಿರಿಯರು ಕಪಾಟಿನ ಮೇಲಿನ ಹಳೆಯ ಎಕ್ಸ್‌ರೇ ಹಾಳೆಗಳನ್ನು ಕೆಳಗಿಳಿಸಿ ಧೂಳು ಒರೆಸುತ್ತಾರೆ. ಮೊದಲನೆಯ ಸಿದ್ಧತೆಯ ಕುರಿತು ನಮ್ಮ ತಕರಾರೇನೂ ಇಲ್ಲ, ಅದು ಅವರವರ ಶ್ರದ್ಧೆಗೆ ಬಿಟ್ಟ ವಿಷಯ. ಎರಡನೆಯದರ ಕುರಿತು ಮಾತ್ರ ನಾಲ್ಕು ಮಾತು ಹೇಳಲೇಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ, ಖಗೋಳ ವಿಜ್ಞಾನಿಗಳೂ ಅಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ಅಂಕಿಗಳೊಡನೆ ಜೀವನ ಕಳೆದವರು. ಆದರೆ ಗ್ರಹಣವನ್ನು ನೋಡದೆ ಕಳೆದುಕೊಂಡವರನ್ನೂ, ನೋಡಿ ಕಣ್ಣಿಗೆ ಪೆಟ್ಟು ಮಾಡಿಕೊಂಡವರನ್ನೂ ಹತ್ತಿರದಿಂದ ಕಂಡಿದ್ದೇವೆ.

ಕಳೆದುಕೊಂಡವರ ಪೈಕಿ ಮೊದಲಿಗರು ನಾವೇ. 1980ರ ಫೆಬ್ರವರಿ 16, ಶನಿವಾರ. ಅಂದಿನ ಖಗ್ರಾಸ ಸೂರ್ಯಗ್ರಹಣದ ಪೂರ್ಣ ನೆರಳು ಅಂಕೋಲೆಯ ಕಡಲತೀರದಿಂದ ಕರ್ನಾಟಕವನ್ನು ಪ್ರವೇಶಿಸಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದು ಆಂಧ್ರದ ಮೂಲಕ ಒರಿಸ್ಸಾದ ಕಡೆಗೆ ಸಾಗಿತು. ದೇಶ ವಿದೇಶಗಳ ವಿಜ್ಞಾನಿಗಳು ಪೆಟ್ಟಿಗೆಗಟ್ಟಲೆ ಉಪಕರಣಗಳೊಂದಿಗೆ ನಮ್ಮ ಸೀಮೆಗೆ ಬಂದು ಬೀಡುಬಿಟ್ಟಿದ್ದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಇದು ಹೊಸತೇನಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, 1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಇಂಗ್ಲೆಂಡಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದಿದ್ದ. ಪರದೇಶದವರು ಕಡಲು ದಾಟಿ ಬಂದು ನೋಡುವ ನೋಟ ನಮ್ಮ ಮನೆಯ ಮಾಳಿಗೆಯ ಮೇಲೆಯೇ ಇತ್ತು. ನಾವಾದರೋ ಗದಗಿನ ನಮ್ಮ ಮನೆಯಲ್ಲಿ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿಕೊಂಡು, ಸಂದುಗಳಿಗೆಲ್ಲ ಹಳೆಯ ಧೋತರದ ಚೂರು ತುರುಕಿಕೊಂಡು ಒಳಗೆ ಕುಳಿತಿದ್ದೆವು.

ಆ ದಿನದ ಒಂದು ನೆನಪು ಮಾತ್ರ ಈ ಲೇಖನಕ್ಕೆ ಸಲ್ಲುವಂಥದು. ಪಶ್ಚಿಮಕ್ಕಿದ್ದ ಹೆಬ್ಬಾಗಿಲಿನ ಹಲಗೆಯಲ್ಲಿ ಮೊಳೆ ಕಿತ್ತುಹೋದ ಸಣ್ಣ ತೂತೊಂದಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಮೂರು ಗಂಟೆಯ ಸುಮಾರಿಗೆ ಅದರೊಳಗಿಂದ ಬಂದ ಬೆಳಕು ನಡುಮನೆಯ ನೆಲದ ಮೇಲೆ ಬಿದ್ದಿತು. ಅದು ದುಂಡಗಿರಲಿಲ್ಲ, ಮಾವಿನಕಾಯಿಯ ಹೋಳಿನಂತೆ ಒಂದು ಕಡೆ ಕೊರೆದಂತಿತ್ತು. ನಾವೂ ನಮ್ಮ ಅಕ್ಕನೂ ಅದರ ಸುತ್ತ ಕುಳಿತು ನೋಡುತ್ತಿದ್ದಂತೆ ಹೋಳು ಸಣ್ಣದಾಗುತ್ತಾ ಬಂತು. ಅಜ್ಜಿ ಕಂಡವರೇ, "ಅದನ್ನ ನೋಡಬ್ಯಾಡ್ರೋ, ಕಣ್ಣು ಹೋಗತಾವ" ಎಂದು ಗದರಿ ಅದರ ಮೇಲೆ ಊಟದ ಮಣೆಯೊಂದನ್ನು ಇಟ್ಟರು. ಬೆಳಕು ಮಣೆಯ ಕೆಳಗೆ ಹೋಗಲಿಲ್ಲ, ಮಣೆಯ ಮೇಲೆ ಹತ್ತಿ ಕುಳಿತಿತು! ಮೂರೂವರೆ ದಾಟಿದ ಮೇಲೆ ಆ ಎಳೆಯೂ ಆರಿಹೋಗಿ, ಹೊರಗೆ ಓಣಿಯ ನಾಯಿಗಳ ಸದ್ದೂ ನಿಂತು, ಎರಡು ನಿಮಿಷಕ್ಕೂ ಹೆಚ್ಚು ಕಾಲ ಮನೆ ಕತ್ತಲಾಯಿತು. ಮತ್ತೆ ಮಣೆಯ ಮೇಲೆ ಎಳೆ ಕಾಣಿಸಿಕೊಂಡಾಗ ಅದು ಎದುರು ದಿಕ್ಕಿಗೆ ಬಾಗಿತ್ತು. ಸೂರ್ಯಗ್ರಹಣವನ್ನು ನೋಡಲು ಇರುವ ಅತ್ಯಂತ ನಿರಪಾಯದ ವಿಧಾನವೊಂದನ್ನು ಆ ಮೊಳೆಯ ತೂತು ನಮಗೆ ಕಲಿಸಿತ್ತೆಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಅಜ್ಜಿಯ ಮಾತಿನಲ್ಲಿ ಸತ್ಯವಿತ್ತು, ಕಾರಣ ಮಾತ್ರ ತಪ್ಪಾಗಿತ್ತು. ಗ್ರಹಣಕಾಲದಲ್ಲಿ ಸೂರ್ಯನಿಂದ ಹೊಸದೊಂದು ವಿಷಕಿರಣ ಹೊರಡುವುದೆಂದು ಹಲವರು ಇಂದಿಗೂ ನಂಬಿದ್ದಾರೆ. ಗರ್ಭಿಣಿಯರನ್ನು ಕೋಣೆಯಲ್ಲಿ ಕೂಡಿಹಾಕುವುದೂ ಈ ನಂಬಿಕೆಯಿಂದಲೇ. ಅಂಥ ಕಿರಣ ಯಾವುದೂ ಇಲ್ಲ. ಸೂರ್ಯ ಮತ್ತು ಭೂಮಿಯ ನಡುವೆ ಚಂದ್ರ ಅಡ್ಡ ಬರುತ್ತಾನೆ, ಅಷ್ಟೇ. ಗ್ರಹಣವೆಂದರೆ ನೆರಳಿನ ಆಟವೆಂದು ಆರ್ಯಭಟ ಸಾವಿರದೈನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಗ್ರಹಣದ ದಿನದ ಸೂರ್ಯ ನಿನ್ನೆಯ ಸೂರ್ಯನೇ. ನಿನ್ನೆಯೂ ಅವನನ್ನು ದಿಟ್ಟಿಸಿದ್ದರೆ ಕಣ್ಣಿಗೆ ಇಷ್ಟೇ ಕೇಡಾಗುತ್ತಿತ್ತು. ವ್ಯತ್ಯಾಸವಿರುವುದು ನಮ್ಮಲ್ಲಿ. ನಿನ್ನೆ ನಾವು ಅವನನ್ನು ದಿಟ್ಟಿಸಲಿಲ್ಲ. ದಿಟ್ಟಿಸಲು ಹೋದರೂ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕಣ್ಣಲ್ಲಿ ನೀರಾಡಿ ಮುಖ ಪಕ್ಕಕ್ಕೆ ಹೊರಳುತ್ತಿತ್ತು. ಗ್ರಹಣದ ದಿನ ನೋಡುವ ಕುತೂಹಲವಿರುತ್ತದೆ. ಮೇಲಾಗಿ ಸೂರ್ಯನ ಬಹುಭಾಗ ಮರೆಯಾದಾಗ ಒಟ್ಟು ಬೆಳಕು ಇಳಿದು, ಕಣ್ಣು ಕುಕ್ಕುವುದು ನಿಂತುಹೋಗುತ್ತದೆ. ಸುತ್ತಲಿನ ಮಬ್ಬಿಗೆ ಕಣ್ಣಿನ ಪಾಪೆಯೂ ಹಿಗ್ಗಿಕೊಳ್ಳುತ್ತದೆ. ಕಾವಲುಗಾರ ನಿದ್ದೆ ಹೋದ ವೇಳೆಯಲ್ಲಿ ಕೋಟೆಯ ಬಾಗಿಲು ತೆರೆದಂತೆ!

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಮನಗಾಣಬೇಕು. ಸೂರ್ಯನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮುಚ್ಚಿದ್ದರೂ ಉಳಿದ ಒಂದು ಪಾಲು ತನ್ನ ಜಾಗದಲ್ಲಿ ಎಂದಿನಷ್ಟೇ ಪ್ರಖರವಾಗಿ ಉರಿಯುತ್ತಿರುತ್ತದೆ. ತೆಳ್ಳಗಾಗಿರುವುದು ಅದರ ಆಕಾರ, ತೀಕ್ಷ್ಣತೆಯಲ್ಲ. ಪೂರ್ಣ ಸೂರ್ಯನ ಬೆಳಕು ಹುಣ್ಣಿಮೆಯ ಚಂದ್ರನ ಬೆಳಕಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಹೆಚ್ಚು. ನೂರರ ಒಂದು ಪಾಲೆಂದರೂ ನಾಲ್ಕು ಸಾವಿರ ಹುಣ್ಣಿಮೆ ಚಂದ್ರರ ಬೆಳಕು ಒಂದು ಉಗುರಿನ ಗೆರೆಯಂಥ ಎಳೆಯಲ್ಲಿ ಕೂಡಿಕೊಂಡಿರುತ್ತದೆ. ಆ ಎಳೆಯನ್ನು ಬರಿಗಣ್ಣಿನಿಂದ ನೋಡಿದವನ ಅಕ್ಷಿಪಟಲದ ಮೇಲೆ ಅದೇ ಎಳೆಯ ಆಕಾರದ ಗಾಯವಾಗಬಲ್ಲದು. ಇದು ಅತಿಶಯೋಕ್ತಿಯಲ್ಲ. 2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಖಗ್ರಾಸ ಗ್ರಹಣವಾದಾಗ ನ್ಯೂಯಾರ್ಕಿನಲ್ಲಿ ಅದು ಖಂಡಗ್ರಾಸವಾಗಿ ಮಾತ್ರ ಕಂಡಿತು. ಅಲ್ಲಿ ಕೆಲವು ಕ್ಷಣಗಳ ಕಾಲ ಹಲವು ಬಾರಿ ಸೂರ್ಯನತ್ತ ನೋಡಿದ ಯುವತಿಯೊಬ್ಬಳ ಕಣ್ಣನ್ನು ವೈದ್ಯರು ಸೂಕ್ಷ್ಮ ಯಂತ್ರಗಳಿಂದ ಪರೀಕ್ಷಿಸಿದಾಗ, ಅಕ್ಷಿಪಟಲದಲ್ಲಿ ಅಂದಿನ ಸೂರ್ಯನದೇ ಅರ್ಧಚಂದ್ರಾಕೃತಿಯ ಗಾಯದ ಗುರುತು ಕಾಣಿಸಿತು. ಆ ವಿವರವು ಅದೇ ವರ್ಷ ಅಮೆರಿಕದ ನೇತ್ರವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು.

ಕಣ್ಣಿನೊಳಗೆ ಆಗುವುದೇನು? ಕಣ್ಣಿನ ಮುಂಭಾಗದ ಮಸೂರವು ಸೂರ್ಯನ ಬಿಂಬವನ್ನು ಹಿಂಬದಿಯ ಅಕ್ಷಿಪಟಲದ ಮೇಲೆ ಮೂಡಿಸುತ್ತದೆ. ಆ ಬಿಂಬದ ಅಗಲ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ಮಾತ್ರ. ಅದು ಬೀಳುವ ಜಾಗವಾದರೋ ಇಡೀ ಕಣ್ಣಿನಲ್ಲಿ ಅತ್ಯಂತ ಬೆಲೆಬಾಳುವ ಜಾಗ. ನಾವು ಯಾವುದನ್ನು ದಿಟ್ಟಿಸುತ್ತೇವೋ ಅದು ಬೀಳುವ ನಟ್ಟನಡುವಿನ ಆ ಪುಟ್ಟ ತಗ್ಗಿನಿಂದಲೇ ನಾವು ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು. ಅಲ್ಲಿನ ಕೋಶಗಳು ಪ್ರಖರ ಬೆಳಕಿಗೆ, ಅದರಲ್ಲಿಯೂ ನೀಲಿ ಮತ್ತು ಅತಿನೇರಳೆ ಬೆಳಕಿಗೆ, ರಾಸಾಯನಿಕವಾಗಿ ಕೆಡುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಶಾಖವೂ ಅದಕ್ಕೆ ಕೂಡಿಕೊಳ್ಳಬಹುದು. ಕೆಟ್ಟ ಸಂಗತಿಯೆಂದರೆ, ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಬೆರಳಿಗೆ ಬೆಂಕಿ ತಾಗಿದರೆ ಥಟ್ಟನೆ ಕೈ ಹಿಂದೆಗೆಯುತ್ತೇವೆ. ಅಕ್ಷಿಪಟಲ ಸುಡುತ್ತಿದ್ದರೂ ನೋಡುವವನು ಆನಂದದಿಂದ ನೋಡುತ್ತಲೇ ಇರುತ್ತಾನೆ. ದೃಷ್ಟಿ ಕೆಟ್ಟಿರುವುದು ಅವನಿಗೆ ತಿಳಿಯುವುದು ಕೆಲವು ಗಂಟೆಗಳ ನಂತರ, ಎಷ್ಟೋ ವೇಳೆ ಮರುದಿನ ಬೆಳಿಗ್ಗೆ.

ನಮ್ಮ ಸಹೋದ್ಯೋಗಿಯೊಬ್ಬರಿಗೆ ಹೀಗೆಯೇ ಆಯಿತು. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡಿನ ಕಡೆ ಕಂಕಣ ಗ್ರಹಣವಾದಾಗ ಮುಂಬಯಿಯಲ್ಲಿ ಸೂರ್ಯನ ಮುಕ್ಕಾಲು ಭಾಗಕ್ಕೂ ಹೆಚ್ಚು ಮುಚ್ಚಿತ್ತು. ಬೆಳಗಿನ ಒಂಬತ್ತರ ವೇಳೆ, ಬ್ಯಾಂಕಿನ ವ್ಯವಹಾರ ಆರಂಭವಾಗುವ ಮುನ್ನ, ಶಾಖೆಯ ಗಚ್ಚಿಯ ಮೇಲೆ ನಾವು ಕೆಲವರು ನೆರೆದಿದ್ದೆವು. ಅವರು ಮನೆಯಿಂದ ತಂದಿದ್ದ ಎಕ್ಸ್‌ರೇ ಹಾಳೆಯನ್ನು ಎರಡು ಮಡಿಕೆ ಮಾಡಿ ಕಣ್ಣಿಗೆ ಹಿಡಿದು ಸಾಕಷ್ಟು ಹೊತ್ತು ನೋಡಿದರು. "ಏನೂ ಆಗೋದಿಲ್ಲ ಸರ್, ತಂಪಾಗಿ ಕಾಣ್ತದೆ" ಎಂದು ನಮಗೂ ನೀಡಲು ಬಂದರು. ಮರುದಿನ ನಗದು ಕೌಂಟರಿನಲ್ಲಿ ಕುಳಿತವರು ಕನ್ನಡಕವನ್ನು ಮೂರು ಸಲ ಒರೆಸಿಕೊಂಡರು. ನೋಟಿನ ಸಂಖ್ಯೆಯ ನಡುವಿನ ಅಂಕಿಗಳು ಕಾಣುತ್ತಿರಲಿಲ್ಲ; 3 ಯಾವುದು, 8 ಯಾವುದು ತಿಳಿಯುತ್ತಿರಲಿಲ್ಲ; ಕಂಪ್ಯೂಟರಿನ ಪರದೆಯ ನೇರ ಗೆರೆಗಳು ನಡುವೆ ಸೊಟ್ಟಗಾಗಿದ್ದವು. ನೇತ್ರತಜ್ಞರು ನೋಡಿದೊಡನೆ, ಸೂರ್ಯನನ್ನು ನೋಡಿದಿರಾ ಎಂದು ಕೇಳಿದರಂತೆ. ಇದಕ್ಕೆ ಖಚಿತವಾದ ಔಷಧವಿಲ್ಲ, ಕಾದು ನೋಡಬೇಕು ಎಂದರಂತೆ. ಮೂರು ನಾಲ್ಕು ತಿಂಗಳಲ್ಲಿ ಬಲಗಣ್ಣು ಬಹುಮಟ್ಟಿಗೆ ಸರಿಹೋಯಿತು. ಎಡಗಣ್ಣಿನ ನಡುವೆ ಸಾಸಿವೆಯಷ್ಟು ಮಸುಕು ಉಳಿದೇ ಹೋಯಿತು. ಇಂದಿಗೂ ಅವರು ನೋಟನ್ನು ಸ್ವಲ್ಪ ಓರೆಯಾಗಿ ಹಿಡಿದು ನೋಡುತ್ತಾರೆ. ಗ್ರಾಹಕರು ತಮ್ಮ ನೋಟಿನ ಮೇಲೆ ಇವರಿಗೆ ಸಂಶಯ ಬಂತೆಂದು ತಿಳಿಯುತ್ತಾರೆ.

ಹಾಗಾದರೆ ಎಷ್ಟು ಬೆಳಕು ಕಣ್ಣಿಗೆ ಹೋದರೆ ಕ್ಷೇಮ? ಗ್ರಹಣ ನೋಡುವ ಕನ್ನಡಕಗಳಿಗೆಂದೇ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ, ಐಎಸ್‌ಒ 12312-2 ಎಂದು ಅದರ ಹೆಸರು. ಅದರ ಪ್ರಕಾರ ಸೋಸುಹಾಳೆಯು ಬೆಳಕಿನ ಲಕ್ಷ ಪಾಲಿನಲ್ಲಿ 3.2 ಪಾಲಿಗಿಂತ ಹೆಚ್ಚನ್ನು ಒಳಬಿಡಬಾರದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಲಕ್ಷ ರೂಪಾಯಿಯಲ್ಲಿ ಮೂರು ರೂಪಾಯಿ ಇಪ್ಪತ್ತು ಪೈಸೆ ಮಾತ್ರ ಒಳಗೆ ಹೋಗಬೇಕು. ಈ ಅಳತೆಗೋಲನ್ನು ಹಿಡಿದು ನಮ್ಮ ಮನೆಗಳ ಉಪಾಯಗಳನ್ನು ಪರಿಶೀಲಿಸಿದರೆ ಗಾಬರಿಯಾಗುತ್ತದೆ. ಬಿಸಿಲಿಗೆ ಧರಿಸುವ ಕಪ್ಪು ಕನ್ನಡಕವು ಲಕ್ಷದಲ್ಲಿ ಸುಮಾರು ಹತ್ತು ಸಾವಿರವನ್ನು ಒಳಬಿಡುತ್ತದೆ. ಎರಡನ್ನು ಒಂದರ ಮೇಲೊಂದು ಹಾಕಿಕೊಂಡರೂ ಸಾವಿರ ಉಳಿಯಿತು.

ನಮ್ಮ ಊರುಗಳಲ್ಲಿ ತಾಮ್ರದ ಹರಿವಾಣದಲ್ಲಿ ಸೆಗಣಿ ನೀರನ್ನೋ ಅರಿಸಿನದ ನೀರನ್ನೋ ಕದಡಿಟ್ಟು ಅದರಲ್ಲಿ ಗ್ರಹಣದ ಬಿಂಬ ನೋಡುವ ವಾಡಿಕೆ ಬಹು ಹಿಂದಿನದು. ನಿಶ್ಚಲವಾದ ನೀರಿನ ಮೇಲ್ಮೈಯು ನೆತ್ತಿಯ ಮೇಲಿನ ಸೂರ್ಯನ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ; ಸೂರ್ಯ ಇಳಿದಂತೆ ಈ ಪಾಲು ಏರುತ್ತದೆ. ನೂರಕ್ಕೆ ಎರಡೆಂದರೆ ಲಕ್ಷಕ್ಕೆ ಎರಡು ಸಾವಿರ, ಮಿತಿಗಿಂತ ಆರುನೂರು ಪಟ್ಟು ಹೆಚ್ಚು. ಸೆಗಣಿ ಕದಡಿದರೆ ಹರಿವಾಣದ ತಳದ ಹೊಳಪು ಅಡಗುತ್ತದೆಯೇ ಹೊರತು ನೀರಿನ ಮೇಲ್ಮೈ ತನ್ನ ಕೆಲಸವನ್ನು ಬಿಡುವುದಿಲ್ಲ. ಈ ಉಪಾಯ ನಮ್ಮವರದೊಂದೇ ಅಲ್ಲವೆಂಬುದು ತತ್ತ್ವಶಾಸ್ತ್ರ ಓದಿದವರಿಗೆ ನೆನಪಿರಬಹುದು. ಪ್ಲೇಟೋವಿನ 'ಫೀಡೋ' ಸಂವಾದದಲ್ಲಿ ಸಾಕ್ರಟೀಸನು, ಗ್ರಹಣದ ಸೂರ್ಯನನ್ನು ನೇರವಾಗಿ ನೋಡಿ ಕಣ್ಣು ಕೆಡಿಸಿಕೊಳ್ಳುವವರ ಉದಾಹರಣೆ ಕೊಟ್ಟು, ನೀರಿನಲ್ಲಿ ಬಿಂಬ ನೋಡಬೇಕೆಂಬ ಎಚ್ಚರಿಕೆಯನ್ನು ಸೂಚಿಸುತ್ತಾನೆ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಅಪಾಯವನ್ನು ಗುರುತಿಸಿದ್ದು ದೊಡ್ಡದು. ಉಪಾಯ ಮಾತ್ರ ಅಲ್ಲಿಯೂ ಸಾಲದು, ಇಲ್ಲಿಯೂ ಸಾಲದು.

ಎಕ್ಸ್‌ರೇ ಹಾಳೆಯ ವಿಷಯದಲ್ಲಿ ಹಿರಿಯರು ನಮ್ಮೊಡನೆ ವಾದಕ್ಕಿಳಿಯುವುದುಂಟು: ಹಿಂದೆ ವಿಜ್ಞಾನಿಗಳೇ ಫಿಲ್ಮಿನ ಮೂಲಕ ನೋಡಬಹುದೆಂದು ಹೇಳುತ್ತಿದ್ದರಲ್ಲವೇ ಎಂದು. ಹೇಳುತ್ತಿದ್ದರು, ನಿಜ. ಅದು ಬೆಳ್ಳಿಯ ಲೇಪವಿದ್ದ ಕಪ್ಪು ಬಿಳುಪು ಫಿಲ್ಮನ್ನು ಪೂರ್ತಿಯಾಗಿ ಬೆಳಕಿಗೊಡ್ಡಿ, ಸಂಸ್ಕರಿಸಿ, ಸಮವಾಗಿ ಕಪ್ಪಾದ ಮೇಲೆ ಎರಡು ಪದರವಾಗಿ ಬಳಸುವ ಮಾತು. ಮೂಳೆಯ ಚಿತ್ರವಿರುವ ಹಾಳೆ ಎಲ್ಲೆಡೆ ಒಂದೇ ಬಗೆಯಾಗಿ ಕಪ್ಪಾಗಿರುವುದಿಲ್ಲ. ಅದರ ಅತಿ ಕಪ್ಪು ಭಾಗವೂ ಸಾಮಾನ್ಯವಾಗಿ ಸಾಕಾಗುವುದಿಲ್ಲ. ಬಣ್ಣದ ಫಿಲ್ಮಿನಲ್ಲಿ ಬೆಳ್ಳಿಯೇ ಉಳಿಯುವುದಿಲ್ಲ. ದೀಪದ ಮಸಿ ಹಿಡಿಸಿದ ಗಾಜು, ಸಿ.ಡಿ., ಹಳೆಯ ಫ್ಲಾಪಿ, ಇವೆಲ್ಲ ಇದೇ ಸಾಲಿನವು. ಇವುಗಳ ಮೂಲಕ ಸೂರ್ಯ ಹಿತವಾಗಿ, ತಂಪಾಗಿ ಕಾಣಬಹುದು. ಆದರೆ ಕಾಣುವ ಬೆಳಕನ್ನು ಇಳಿಸಿ, ಕಾಣದ ಅವಕೆಂಪನ್ನು ಸರಾಗವಾಗಿ ಬಿಡುವ ವಸ್ತುಗಳು ಇವುಗಳಲ್ಲಿವೆ. ನಮ್ಮ ಸಹೋದ್ಯೋಗಿಯ 'ತಂಪಾಗಿ ಕಾಣ್ತದೆ' ಎಂಬ ಮಾತು ಇಂಥದೇ. ತೆಳುಮೋಡದ ಮರೆಯ ಸೂರ್ಯನನ್ನೂ ಇದೇ ಕಾರಣಕ್ಕೆ ನಂಬಬಾರದು. 2009ರ ಜುಲೈ 22ರ ಬೆಳಿಗ್ಗೆ ಮಳೆಗಾಲದ ಮೋಡದ ನಡುವೆ ಗ್ರಹಣ ಕಂಡವರು ಇದನ್ನು ನೆನಪಿಸಿಕೊಳ್ಳಬೇಕು.

ಬಳಸಬೇಕಾದುದು ಏನೆಂದರೆ, ಮೇಲೆ ಹೇಳಿದ ಮಾನದಂಡಕ್ಕೆ ಒಪ್ಪುವ ಗ್ರಹಣದ ಕನ್ನಡಕ. ಕಾಗದದ ಚೌಕಟ್ಟಿನದಾದರೂ ಸರಿ. ಚೌಕಟ್ಟಿನ ಮೇಲೆ ಸಂಖ್ಯೆ ಮುದ್ರಿಸಿದ್ದೊಂದೇ ಸಾಲದು, ಮುದ್ರಣಯಂತ್ರ ಎಲ್ಲರ ಬಳಿಯೂ ಇದೆ. ತಾರಾಲಯ, ವಿಜ್ಞಾನ ಕೇಂದ್ರ, ಖಗೋಳಾಸಕ್ತರ ಸಂಘಗಳಂಥ ತಿಳಿದವರ ಕಡೆಯಿಂದ ಕೊಳ್ಳುವುದು ಲೇಸು. ಮನೆಗೆ ತಂದ ಮೇಲೆ ಹಾಕಿಕೊಂಡು ನೋಡಿರಿ: ಕೋಣೆಯೊಳಗಿನ ಮೇಜು ಕುರ್ಚಿ ಕಿಟಕಿ ಯಾವುದೂ ಕಾಣಬಾರದು. ಅತಿ ಪ್ರಖರವಾದ ದೀಪ ಮಾತ್ರ ಮಸುಕಾಗಿ ಕಂಡೀತು. ದೀಪದೆದುರು ಹಿಡಿದಾಗ ಸೂಜಿಮೊನೆಯಷ್ಟು ತೂತೋ ಗೀರೋ ಕಂಡರೆ ಕತ್ತರಿಸಿ ಬಿಸಾಡಬೇಕು, ಏಕೆಂದರೆ ಬಿಸಾಡಿದ್ದನ್ನು ಮಕ್ಕಳು ಹೆಕ್ಕಿಕೊಳ್ಳುತ್ತಾರೆ. ದೃಷ್ಟಿಯ ಕನ್ನಡಕವಿರುವವರು ಅದರ ಮೇಲೆಯೇ ಇದನ್ನು ಧರಿಸಬೇಕು. ಮೊದಲು ನೆಲ ನೋಡುತ್ತಾ ಧರಿಸಿ, ಆಮೇಲೆ ತಲೆಯೆತ್ತಬೇಕು. ಕೆಳಗೆ ನೋಡಿದ ಮೇಲೆಯೇ ತೆಗೆಯಬೇಕು. ಬೆಸುಗೆ ಹಾಕುವವರ ಗಾಜಾದರೆ 14ನೆಯ ಸಂಖ್ಯೆಯದು ಉತ್ತಮ, 12ಕ್ಕಿಂತ ಕಡಿಮೆಯದು ಬೇಡ. ಮೂಲೆಯ ವರ್ಕ್‌ಶಾಪಿನವರು ನಿತ್ಯ ಬಳಸುವ ಗಾಜು ಅನೇಕ ವೇಳೆ ಇದಕ್ಕಿಂತ ತೆಳುವಾಗಿರುತ್ತದೆ, ಸಂಖ್ಯೆಯನ್ನು ಕೇಳಿಯೇ ತರಬೇಕು.

ದುರ್ಬೀನು ಮತ್ತು ದೂರದರ್ಶಕಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಗ್ರಹಣದ ಕನ್ನಡಕ ಹಾಕಿಕೊಂಡಿದ್ದೇವಲ್ಲ ಎಂದು ದುರ್ಬೀನಿನಲ್ಲಿ ಇಣುಕಿದರೆ, ಒಟ್ಟುಗೂಡಿದ ಬಿಸಿಲು ಕನ್ನಡಕದ ಹಾಳೆಯನ್ನೇ ಸುಟ್ಟು ಒಳಹೊಗುತ್ತದೆ. ಸೋಸುಗಾಜು ಇರಬೇಕಾದುದು ಯಂತ್ರದ ಮುಂಭಾಗದಲ್ಲಿ, ಸೂರ್ಯನ ಕಡೆಗೆ.

ಈಗ ಖಗ್ರಾಸದ ವಿಶೇಷ. ಕಳೆದ ತಿಂಗಳು ನಮ್ಮ ಅಕ್ಕನ ಮಗ ಜೆಡ್ಡಾದಿಂದ ದೂರವಾಣಿಯಲ್ಲಿ ಕೇಳಿದ: "ಮಾಮಾ, ಖಗ್ರಾಸ ಆದಾಗ ಬರಿಗಣ್ಣಲೇ ನೋಡಬಹುದು ಅಂತಾರ, ಖರೇನ?" ಖರೆ. ಆದರೆ ಈ ಅರ್ಧ ಸತ್ಯದಿಂದಲೇ ಬಹಳ ಮಂದಿ ಮೋಸಹೋಗುತ್ತಾರೆ. ಚಂದ್ರನು ಸೂರ್ಯನ ಉರಿಯುವ ಬಿಂಬವನ್ನು ಸಂಪೂರ್ಣವಾಗಿ ಮುಚ್ಚಿದ ಮೇಲೆ ಸುತ್ತಲೂ ಮುತ್ತಿನ ಬಣ್ಣದ ಪ್ರಭಾವಲಯ ಹರಡಿಕೊಳ್ಳುತ್ತದೆ. ಅದರ ಒಟ್ಟು ಬೆಳಕು ಹುಣ್ಣಿಮೆಯ ಚಂದ್ರನ ಬೆಳಕನ್ನು ಮೀರುವುದಿಲ್ಲ. ಬರಿಗಣ್ಣಿಗೆ ಅದರಿಂದ ಕೇಡಿಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡೇ ಇದ್ದರೆ ಆಗ ಏನೂ ಕಾಣುವುದಿಲ್ಲ, ದೂರದಿಂದ ಬಂದದ್ದೆಲ್ಲ ವ್ಯರ್ಥ. ಆದರೆ ಈ ಸ್ವಾತಂತ್ರ್ಯಕ್ಕೆ ಎರಡು ಗಡಿಗಳಿವೆ. ಒಂದು ಸ್ಥಳದ್ದು: ಪೂರ್ಣ ನೆರಳಿನ ಪಟ್ಟಿಯೊಳಗೆ ನಿಂತವರಿಗೆ ಮಾತ್ರ ಇದು ಸಲ್ಲುತ್ತದೆ. ಪಟ್ಟಿಯಿಂದ ನಾಲ್ಕು ಹೆಜ್ಜೆ ಹೊರಗಿದ್ದು ನೂರಕ್ಕೆ ತೊಂಬತ್ತೊಂಬತ್ತು ಮುಚ್ಚಿದ ಸೂರ್ಯನನ್ನು ಕಂಡರೂ ಅದು ಖಗ್ರಾಸವಲ್ಲ. ಇನ್ನೊಂದು ಕಾಲದ್ದು: ಪೂರ್ಣಗ್ರಾಸದ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಮಾತ್ರ, ಅದಕ್ಕಿಂತ ಒಂದು ಕ್ಷಣ ಮೊದಲೂ ಅಲ್ಲ, ಆಮೇಲೂ ಅಲ್ಲ.

ಆ ಕ್ಷಣವನ್ನು ಗುರುತಿಸುವುದು ಹೇಗೆ? ಕನ್ನಡಕದೊಳಗಿನಿಂದ ನೋಡುತ್ತಿರುವಂತೆ ಸೂರ್ಯನ ಎಳೆ ಕೂದಲಿನಷ್ಟಾಗಿ, ಆಮೇಲೆ ತುಂಡು ತುಂಡಾಗಿ ಮಣಿಗಳಂತೆ ಕಾಣುತ್ತದೆ. ಚಂದ್ರನ ಅಂಚಿನ ಕಣಿವೆಗಳ ನಡುವಿನಿಂದ ತೂರಿಬರುವ ಬೆಳಕು ಅದು. 1836ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿಸ್ ಬೈಲಿಯ ಹೆಸರಿನಿಂದ ಬೈಲಿ ಮಣಿಗಳೆಂದೇ ಪ್ರಸಿದ್ಧ. ಕೊನೆಗೆ ಪೂರ್ವದ ಅಂಚಿನಲ್ಲಿ ಒಂದೇ ಮಣಿ ಉಳಿದು ವಜ್ರದುಂಗುರದಂತೆ ಹೊಳೆಯುತ್ತದೆ. ಅದು ಕನ್ನಡಕದೊಳಗೆ ಪೂರ್ತಿ ಆರಿಹೋಗುವವರೆಗೆ ಕಾಯಬೇಕು, ಆರಿದ ಮೇಲೆ ಕನ್ನಡಕ ತೆಗೆಯಬೇಕು. ಆಗ ದಿಗಂತದ ಸುತ್ತಲೂ ಸಂಜೆಯ ಕೆಂಪು ಕವಿದಿರುತ್ತದೆ, ಶುಕ್ರನಂಥ ಗ್ರಹಗಳು ಹಗಲಿನಲ್ಲಿಯೇ ಮೂಡಿರುತ್ತವೆ. ನೋಟದಲ್ಲಿ ಮೈಮರೆಯುವುದು ಇಲ್ಲಿಯೇ, ಹೆಚ್ಚಿನ ಅಪಾಯವೂ ಇಲ್ಲಿಯೇ. ಬೆಳಕು ಮರಳುವುದು ಎದುರು ಅಂಚಿನಿಂದ, ಪಶ್ಚಿಮದಿಂದ. ಆ ಅಂಚು ಬೆಳ್ಳಗಾಗುತ್ತಾ ಬಂದೊಡನೆ ಕಣ್ಣು ಕೆಳಗಿಳಿಸಿ ಕನ್ನಡಕ ಧರಿಸಬೇಕು. ನಿಮ್ಮ ಸ್ಥಳದಲ್ಲಿ ಪೂರ್ಣಗ್ರಾಸ ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡು, ಹದಿನೈದು ಸೆಕೆಂಡು ಮುಂಚಿತವಾಗಿ ಮೊಬೈಲಿನಲ್ಲಿ ಎಚ್ಚರಿಕೆಯ ಗಂಟೆ ಇಟ್ಟುಕೊಳ್ಳುವುದು ಜಾಣತನ. ಹಳೆಯ ಕಾಲದ ಶಿಬಿರಗಳಲ್ಲಿ ಸೆಕೆಂಡುಗಳನ್ನು ಕೂಗಿ ಎಣಿಸಲೆಂದೇ ಒಬ್ಬರನ್ನು ನೇಮಿಸುತ್ತಿದ್ದರು.

ಕಂಕಣ ಗ್ರಹಣದಲ್ಲಿ ಇಂಥ ವಿನಾಯಿತಿ ಒಂದು ಕ್ಷಣದಷ್ಟೂ ಇಲ್ಲ. ಅಲ್ಲಿ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವುದಿಲ್ಲ, ಉರಿಯುವ ಬಳೆಯೊಂದು ಉಳಿದೇ ಇರುತ್ತದೆ. ಖಂಡಗ್ರಾಸದಲ್ಲಿಯೂ ಹಾಗೆಯೇ, ಆರಂಭದಿಂದ ಅಂತ್ಯದವರೆಗೆ ಕನ್ನಡಕ ಬೇಕೇ ಬೇಕು.

ಕನ್ನಡಕ ಸಿಗಲಿಲ್ಲವೆಂದು ಮನೆಯೊಳಗೆ ಕೂಡಬೇಕಾಗಿಲ್ಲ. ಗದಗಿನ ಬಾಗಿಲ ತೂತು ಇಲ್ಲಿ ನೆರವಿಗೆ ಬರುತ್ತದೆ. ಸಣ್ಣ ರಂಧ್ರದ ಮೂಲಕ ಹಾಯ್ದ ಬಿಸಿಲು ಎದುರಿಗೆ ರಂಧ್ರದ ಆಕಾರವನ್ನಲ್ಲ, ಸೂರ್ಯನ ಆಕಾರವನ್ನು ಮೂಡಿಸುತ್ತದೆ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಒಂದು ಮೀಟರು ದೂರದ ಬಿಳಿ ಹಾಳೆಯ ಮೇಲೆ ಬೆಳಕು ಬೀಳಿಸಿದರೆ ಸುಮಾರು ಒಂಬತ್ತು ಮಿಲಿಮೀಟರಿನ ಬಿಂಬ ದೊರೆಯುತ್ತದೆ. ದೂರವನ್ನು 109ರಿಂದ ಭಾಗಿಸಿದರೆ ಬಿಂಬದ ಅಗಲ ಬರುತ್ತದೆ, ಲೆಕ್ಕ ಇಷ್ಟೇ. ತೂತಿನ ಮೂಲಕ ಸೂರ್ಯನನ್ನು ಇಣುಕಬಾರದೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕು. ಹಿಟ್ಟಿನ ಜರಡಿಯನ್ನು ಬಿಸಿಲಿಗೆ ಹಿಡಿದರೆ ನೂರಾರು ಪುಟ್ಟ ಸೂರ್ಯರು ನೆಲದ ಮೇಲೆ ಸಾಲುಗಟ್ಟುತ್ತಾರೆ. ಬೇವಿನ ಮರದಡಿ ನಿಂತರೆ ಎಲೆಗಳ ಸಂದುಗಳೇ ಈ ಕೆಲಸ ಮಾಡುತ್ತವೆ, ಅಂಗಳದ ತುಂಬ ಅರ್ಧಚಂದ್ರಗಳು ಚೆಲ್ಲಿರುತ್ತವೆ.

ನಮಗೆ ಹೆಚ್ಚು ಇಷ್ಟವಾದದ್ದು ಕನ್ನಡಿಯ ವಿಧಾನ. ಚಿಕ್ಕ ಕನ್ನಡಿಗೆ ಕಾಗದ ಹೊದಿಸಿ, ಕಾಗದದ ನಡುವೆ ಅರ್ಧ ಸೆಂಟಿಮೀಟರಿನ ಕಿಂಡಿ ಬಿಟ್ಟು, ಬಿಸಿಲನ್ನು ಹತ್ತು ಮೀಟರು ದೂರದ ನೆರಳಿನ ಗೋಡೆಯ ಮೇಲೆ ಹಾಯಿಸಬೇಕು. ಒಂಬತ್ತು ಸೆಂಟಿಮೀಟರಿನ ಸೂರ್ಯ ಗೋಡೆಯ ಮೇಲೆ ಬಂದು ನಿಲ್ಲುತ್ತಾನೆ. 2020ರ ಜೂನ್ 21ರಂದು, ಲಾಕ್‌ಡೌನಿನ ನಡುವೆ, ಮುಂಬಯಿಯಲ್ಲಿ ಮೋಡ ಬಿಡುವು ಕೊಟ್ಟಷ್ಟು ಹೊತ್ತು ನಮ್ಮ ಕಟ್ಟಡದ ಮಕ್ಕಳು ಮೆಟ್ಟಿಲ ಬಳಿಯ ಗೋಡೆಯ ಮೇಲೆ ಹೀಗೆಯೇ ಗ್ರಹಣ ನೋಡಿದರು. ಕನ್ನಡಿಯ ಬೆಳಕು ಯಾರ ಕಣ್ಣಿಗೂ ಬೀಳದಂತೆ ಒಬ್ಬ ಹಿರಿಯರು ಹತ್ತಿರವಿದ್ದರೆ ಸಾಕು.

ಅಜಾಗರೂಕತೆಯಿಂದ ನೋಡಿಬಿಟ್ಟವರಿಗೆ ದೃಷ್ಟಿಯ ನಡುವೆ ಮಸುಕು, ಗೆರೆಗಳು ಸೊಟ್ಟಗಾಗುವುದು, ಬಣ್ಣ ಬೇರೆಯಾಗಿ ತೋರುವುದು ಮುಂತಾದ ಲಕ್ಷಣ ಕಂಡರೆ ತಡಮಾಡದೆ ನೇತ್ರತಜ್ಞರ ಬಳಿಗೆ ಹೋಗಬೇಕು. ಮಕ್ಕಳು ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ. ಒಂದೊಂದೇ ಕಣ್ಣು ಮುಚ್ಚಿಸಿ ಪತ್ರಿಕೆ ಓದಿಸಿ ನೋಡಬೇಕು. ಅನೇಕರಲ್ಲಿ ವಾರಗಳು, ತಿಂಗಳುಗಳು ಕಳೆದಂತೆ ದೃಷ್ಟಿ ಸುಧಾರಿಸುತ್ತದೆ, ಕೆಲವರಲ್ಲಿ ಸುಧಾರಿಸುವುದಿಲ್ಲ. ಮನೆಮದ್ದಿನ ಹನಿಗಳಿಂದ ಅಕ್ಷಿಪಟಲದವರೆಗೆ ಏನೂ ತಲುಪುವುದಿಲ್ಲ.

2027ರ ಆಗಸ್ಟ್ 2, ಸೋಮವಾರ, ಸ್ಪೇನಿನ ದಕ್ಷಿಣ ಭಾಗ, ಉತ್ತರ ಆಫ್ರಿಕಾ, ಅರೇಬಿಯಾಗಳ ಮೇಲೆ ಹಾಯುವ ಖಗ್ರಾಸವು ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷಕ್ಕೂ ಮೀರಿದ್ದು. ಜೆಡ್ಡಾ, ಮೆಕ್ಕಾ ನಗರಗಳೂ ಅದರ ಪಟ್ಟಿಯಲ್ಲಿವೆ. ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳು ಅಲ್ಲಿ ಉದ್ಯೋಗದಲ್ಲಿದ್ದಾರೆ. ಮುಂಬಯಿಗೆ ಅಂದು ಸಂಜೆಯ ಮುನ್ನ ಸೂರ್ಯನ ಸ್ವಲ್ಪ ಭಾಗ ಮಾತ್ರ ಮರೆಯಾಗುತ್ತದೆ, ಆದ್ದರಿಂದ ಇಲ್ಲಿನವರಿಗೆ ಕನ್ನಡಕ ತೆಗೆಯುವ ಮಾತೇ ಇಲ್ಲ. 2031ರ ಮೇ 21ರ ಕಂಕಣ ಗ್ರಹಣ ಕೊಚ್ಚಿ, ಮಧುರೆಗಳ ಮೇಲೆ ಹಾದುಹೋಗುತ್ತದೆ. 2034ರ ಮಾರ್ಚ್ 20ರ ಖಗ್ರಾಸವನ್ನು ನಮ್ಮ ದೇಶದೊಳಗೇ ನೋಡಬೇಕೆಂದರೆ ಕಾಶ್ಮೀರ, ಲಡಾಖ್ ಸೀಮೆಗೆ ಹೋಗಬೇಕು.

ಜೆಡ್ಡಾದ ಅಳಿಯನಿಗೆ ಇಷ್ಟನ್ನೂ ವಿವರಿಸಿ ಮುಗಿಸುವಷ್ಟರಲ್ಲಿ ಅಕ್ಕ ದೂರವಾಣಿಯನ್ನು ಕೈಗೆ ತೆಗೆದುಕೊಂಡಳು. ಮಗನ ಮನೆಗೆ ಹೋಗಿದ್ದವಳು 2027ರ ಬೇಸಿಗೆಯಲ್ಲಿಯೂ ಅಲ್ಲಿಗೆ ಹೋಗುವವಳಿದ್ದಾಳೆ. ಬಾಗಿಲ ತೂತು ನೆನಪಿದೆಯೇ ಎಂದು ನಾವು ಕೇಳಿದೆವು. "ಮಣಿ ಮ್ಯಾಲೆ ಹತ್ತಿ ಕುಂತಿತ್ತಲ್ಲ" ಎಂದು ನಕ್ಕು, ತನಗೂ ಒಂದು ಕನ್ನಡಕ, ಸೊಸೆಗೊಂದು, ಮೊಮ್ಮಗಳಿಗೊಂದು ಬೇಕೆಂದಳು. ಮೂರನ್ನೂ ದೀಪಕ್ಕೆ ಹಿಡಿದು ನೋಡಿ, ಗಟ್ಟಿ ರಟ್ಟಿನ ಲಕೋಟೆಯಲ್ಲಿ ಹಾಕಿಟ್ಟಿದ್ದೇವೆ.